ಮಡಿಕೆಯಲ್ಲಿ ಹೋದ ಕಾಲುವೆ

ಅಕ್ಕನ ಅಡುಗೆಮನೆಯ ಬಚ್ಚಲ ತೂತಿನಿಂದ ಕರಿಯ ಕೆಸರು ಉಕ್ಕಿ ಒಲೆಯ ಬುಡದವರೆಗೂ ಹರಡಿತ್ತು. ಅದರಲ್ಲಿ ಕೂದಲ ಸಿಕ್ಕು, ಉಬ್ಬಿದ ಇಲಿ, ಯಾವ ಕಾಲದ್ದೋ ಕೊಳೆತ ಚಿಂದಿ. ನಕ್ಷೆ ಕಚೇರಿಯಲ್ಲಿ ನಕಲುಗಾರನಾಗಿದ್ದ ತಮ್ಮ, ಮೂಗಿಗೆ ತೋಳು ಒತ್ತಿಕೊಂಡು ಹೊಸ್ತಿಲಲ್ಲೇ ನಿಂತ.

"ಒಳಗೆ ಬಾರೋ. ನಕ್ಷೆ ಬರೆಯೋರಿಗೆ ನಾತ ತಾಗಬಾರ್ದಾ?" ಅಕ್ಕ ಕೆಸರು ಗೋರುತ್ತಲೇ ಇದ್ದಳು. "ಗಟ್ಟಿ ನೆಲ, ಕಣ್ಣು ಮುಚ್ಚಿ ಮನೆ ಕಟ್ಕೋ ಅಂದೋನು ನೀನೇ."

ಅಂದದ್ದು ಹೌದು. ನಕ್ಷೆ ನೋಡಿಯೇ ಅಂದಿದ್ದ. ಆ ನಕ್ಷೆಯನ್ನು ನಕಲು ಮಾಡಿದವನೂ ಅವನೇ.

ಕಚೇರಿಗೆ ಮರಳಿದವನೇ ಅಕ್ಕನ ಮನೆಯಿದ್ದ ತಗ್ಗುನೆಲದ ಹಳೆಯ ಬಟ್ಟೆ ನಕ್ಷೆಯನ್ನು ಕಪಾಟಿನಿಂದ ಇಳಿಸಿ ಹಾಸಿದ. ಮಡಿಕೆ ಗೆರೆಯಲ್ಲ, ಬರೆಯಬೇಡ ಎಂಬುದು ಆ ಕಚೇರಿಯ ಮೊದಲ ಪಾಠ. ಸ್ತೋತ್ರದಂತೆ ಬಾಯಿಗೆ ಬಂದದ್ದು. ಮೂವತ್ತು ವರ್ಷದ ಕೆಳಗೆ ಇದೇ ನಕ್ಷೆ ನಕಲು ಮಾಡುವಾಗ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ. ಈಗ ಭೂತಗನ್ನಡಿ ಹಿಡಿದರೆ, ಮೂರನೆಯ ಮಡಿಕೆಯ ಸವೆದ ನೂಲುಗಳ ನಡುವೆ ನೀಲಿ ಕಾಣಿಸಿತು. ಹೊಳೆಯಿಂದ ಜೌಗಿಗೆ, ಕೋಲು ಇಟ್ಟಷ್ಟು ನೇರವಾಗಿ ತೋಡಿದ ಕಾಲುವೆ. ಅವನ ನಕಲಿನಲ್ಲಿ ಅಲ್ಲಿ ಬರಿ ಬಿಳುಪು. ಹೂಳು ತುಂಬಿ ಹುಲ್ಲು ಮುಚ್ಚಿದ್ದ ಆ ಕಾಲುವೆಗೆ, ನಕಲನ್ನು ನಂಬಿ, ಊರು ಧೈರ್ಯವಾಗಿ ಕಸ ಸುರಿದು, ಮೇಲೆ ಮಣ್ಣೆಳೆದು, ಬೀದಿ ಮಾಡಿಕೊಂಡಿತ್ತು.

ಮೇಲಧಿಕಾರಿ ಏನೋ ಜಗಿಯುತ್ತಾ ಬಂದು ಇಣುಕಿದರು. "ನಾಳೆ ಹೊಸ ನಕಲು ಬೇಕು. ಮೊದಲಿನ ಹಾಗೇ ಇರ್ಲಿ. ಕಾಲುವೆ ಬರೆದ್ರೆ ಆ ಸಾಲಿನ ಮನೆಗಳೆಲ್ಲ ಕೆಡವಬೇಕಾಗುತ್ತೆ. ನಿಮ್ಮಕ್ಕಂದೂ ಸೇರಿ."

"ನಿಮಗೆ ಗೊತ್ತಿತ್ತಾ ಸಾರ್?"

"ಮೂಗಿರೋರಿಗೆಲ್ಲ ಗೊತ್ತು ಕಣಯ್ಯ." ನಕ್ಕರು. ಬಾಯಿಂದ ಜಗಿದ ಚೂರೊಂದು ನಕ್ಷೆಯ ಮೇಲೆ ಬಿತ್ತು. ಅದನ್ನು ಹೆಬ್ಬೆರಳಲ್ಲಿ ಉಜ್ಜಿ ಹೋದರು.

ನಕಲುಗಾರ ಆ ಎಂಜಲ ಕಲೆಯನ್ನು ತೋಳಿನಿಂದ ಒರೆಸಿದ. ಅದಕ್ಕಿಂತ ಹೇಸಿಗೆಯೆಂದರೆ, ಒಂದು ಗಳಿಗೆ ತನ್ನ ಮನಸ್ಸೂ ಹಾಗೇ ಇರಲಿ ಎಂದದ್ದು.

ಸಂಜೆ ಅಕ್ಕನ ಜೊತೆ ಕೂತು ಎರಡು ಬಕೆಟ್ ಕೆಸರು ಗೋರಿದ ಮೇಲೆ ಹೇಳಿದ: "ಮನೆ ಕೆಳಗೆ ಹಳೇ ಕಾಲುವೆ ಇದೆ ಅಕ್ಕ. ನಕ್ಷೇಲಿ ಬರೆದ್ರೆ ಮನೆ ಹೋಗುತ್ತೆ. ಬರೀದಿದ್ರೆ ಉಳಿಯುತ್ತೆ."

"ಇದನ್ನ ಉಳಿಸ್ಕೊಂಡು ತಲೆಗೆ ಹಚ್ಕೊಳ್ಲಾ?" ಬಕೆಟ್ಟನ್ನು ಕಾಲಲ್ಲಿ ಅವನತ್ತ ನೂಕಿದಳು. "ಯಾರ ತಪ್ಪು ಅಂತ ಬರೀತೀಯ?"

"ನಂದು ಅಂತ."

"ಅಕ್ಷರ ದುಂಡಗಿರ್ಲಿ. ಆಮೇಲೆ ನಾವು ಬರೋದು ನಿನ್ನ ಮನೆಗೇ. ಹೆಂಡ್ತಿಗೆ ಹೇಳಿರು."

ಮರುದಿನ ನೀಲಿ ಶಾಯಿಯಲ್ಲಿ ಗೆರೆ ಎಳೆದ. ಅದು ಅಕ್ಕನ ಅಡುಗೆಮನೆಯನ್ನು ಸೀಳಿಕೊಂಡೇ ಹೋಯಿತು. ಅಂಚಿನಲ್ಲಿ, ಮಡಿಕೆಯೆಂದು ಹಿಂದೆ ಬಿಟ್ಟವನು ನಾನು ಎಂದು ಬರೆದು ಸಹಿ ಹಾಕಿದ. ಶಾಯಿ ಒಣಗಲೆಂದು ಬಗ್ಗಿ ಊದುವಾಗ, ಮೂರು ಸಲ ಸೋಪು ಹಾಕಿದ್ದ ಬೆರಳುಗಳ ನಾತ ಮೂಗಿಗೆ ಹೊಡೆಯಿತು.