ಒಲೆಯ ಬಾಯಿಯ ಅಳತೆ

ಗುರುಮಲ್ಲಮ್ಮನಿಗೆ ಒಲೆ ಎಂದರೆ ಸಾಕುಸಾಕಾಗಿತ್ತು. ಚಾಮರಾಜನಗರದ ತರಬೇತಿಯಲ್ಲಿ ಹೊಗೆ ಇಲ್ಲದ ಒಲೆ ಕಟ್ಟುವುದನ್ನು ಕಲಿತು ಆರು ವರ್ಷ. ಊರೂರು ಅಲೆದು, ಮಣ್ಣು ಕಲಸಿ ಕಲಸಿ ಅಂಗೈ ಬಿರುಕು ಬಿಟ್ಟಿತ್ತು. ಅರ್ಧ ಸೌದೆಯಲ್ಲೇ ಅಡುಗೆಯಾಗುತ್ತದೆ, ಕಾಡು ಉಳಿಯುತ್ತದೆ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಕಾಡಿನ ಮಾತು ಹಾಗಿರಲಿ, ಅವಳಿಗೆ ಉಳಿಯಬೇಕಾಗಿದ್ದುದು ಅಕ್ಕ ಶಿವಮ್ಮ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿಗೆ ಸೌದೆಗೆ ಹೋದ ಅಕ್ಕನನ್ನು ಆನೆ ಅಟ್ಟಿಸಿಕೊಂಡು ಬಂದಿತ್ತು. ಬಿದ್ದು ಪೆಟ್ಟಾದ ಮಂಡಿ ಇನ್ನೂ ನೆಟ್ಟಗಾಗಿರಲಿಲ್ಲ.

"ನಂಗೂ ಒಂದ್ ಒಲೆ ಆಕ್ಕೊಡಮ್ಮಿ, ಕಾಡಿಗೆ ಓಗೋದೇ ಬುಟ್ಬುಡ್ತೀನಿ" ಎಂದು ಅಕ್ಕ ಮಾತು ಕೊಟ್ಟಿದ್ದಳು. ಒಲೆ ಹಾಕಿಕೊಟ್ಟು ಆಗಲೇ ಒಂದು ವರ್ಷವಾಗಿತ್ತು.

ಆ ದಿನ ಗುಂಡ್ಲುಪೇಟೆಯ ಹೋಟೆಲಿನ ಮರಿಮಲ್ಲಪ್ಪ ಹೇಳಿಕಳಿಸಿದ್ದ. ಚಾಮರಾಜನಗರ ಜಿಲ್ಲೆಯಾದ ಮೇಲೆ ಬಸ್ಸು, ಲಾರಿ, ಸಿಮೆಂಟು ಹೊರುವ ಜನ ಎಲ್ಲವೂ ಹೆಚ್ಚಿ, ಅವನ ಹೋಟೆಲು ಹೊಟ್ಟೆ ಬಂದವನ ಅಂಗಿಯಂತೆ ಬಿಗಿಯಾಗಿತ್ತು. ಅವಳು ಕಟ್ಟಿಕೊಟ್ಟಿದ್ದು ಒಂದು ಒಲೆ. ಅದನ್ನೇ ನೋಡಿ ಅದೇ ಅಳತೆಯಲ್ಲಿ ಬೇರೆಯವರಿಂದ ಇನ್ನೆರಡು ಕಟ್ಟಿಸಿಕೊಂಡಿದ್ದ. ಮೂರು ಒಲೆಗಳೂ ಗಂಟಲು ಕಟ್ಟುವಷ್ಟು ಹೊಗೆ ಕಾರುತ್ತಿದ್ದವು.

"ಏನವ್ವಾ ಇದು? ಒಗೆ ಇಲ್ದಿದ್ ಒಲೆ ಅಂದ್ಯಲ್ಲ!" ಎಂದ ಮರಿಮಲ್ಲಪ್ಪ.

ಅವಳು ಒಲೆಯಿಂದ ಒಂದು ಕಡ್ಡಿ ಎಳೆದಳು. ತುದಿಯಲ್ಲಿ ನೊರೆ ಉಕ್ಕುತ್ತಿತ್ತು. ಹಸಿ. ಎಳೆ ಗಿಡ.

"ಹಸೀದ್ಯಾಕೆ ಆಕ್ತೀರಿ?"

"ನಿನ್ ಒಲೆ ಬಾಯಿ ಸಣ್ದು ಕಣವ್ವ, ದಿಮ್ಮಿ ಇಡಿಸಲ್ಲ. ಸೀಳೋರ್ ಯಾರು? ಸಪೂರ್ದೇ ತನ್ನಿ ಅಂತ ಸೌದೆ ತರೋ ಎಂಗಸ್ರಿಗೆ ಏಳ್ಬುಟ್ಟೆ. ಅದಿರ್ಲಿ, ಸೌದೆ ಕಮ್ಮಿ ಸಾಕಲ್ಲ ಅಂತ ಊಟದ್ ಮನೇನೂ ಸುರು ಮಾಡ್ತಿವ್ನಿ. ಇನ್ನೊಂದ್ ಒಲೆ ಆಕ್ಬುಡು."

ಅಷ್ಟರಲ್ಲಿ ಹಿತ್ತಲಿಗೆ ಒಂದು ಹೊರೆ ಬಂತು. ಹೊರೆಯ ಕೆಳಗೆ ಕುಂಟುವ ಕಾಲು ಯಾರದೆಂದು ಗುರುಮಲ್ಲಮ್ಮನಿಗೆ ನೋಡಿದ ಕೂಡಲೇ ತಿಳಿಯಿತು.

"ಅಕ್ಕಾ, ಓಗಲ್ಲ ಅಂದಿದ್ಯಲ್ಲ!"

ಶಿವಮ್ಮ ಹೊರೆ ಇಳಿಸಿ ನಕ್ಕಳು. "ನೀನ್ ಆಕ್ಕೊಟ್ಟ ಒಲೆಗೆ ಮನೇಲಿ ಅರ್ಧ ಒರೆ ಸಾಕು ಕಣಮ್ಮಿ. ಮಿಕ್ಕಿದ್ದು ಇಲ್ಲಿಗೆ. ಈಗ ದಿನಕ್ಕೆರಡ್ ಸಲ ಓಯ್ತೀನಿ." ಸೊಂಟದ ಸೆರಗಿಗೆ ಸಿಕ್ಕಿಸಿದ್ದ ಒಂದು ಅಗಲವಾದ ಕಬ್ಬಿಣದ ಬಳೆ ತೆಗೆದು ತೋರಿಸಿದಳು. "ಓಟ್ಲೋರು ಕೊಟ್ಟವ್ರೆ. ಇದ್ರೊಳಗೆ ತೂರೋ ಗಿಡನೇ ಕಡೀಬೇಕು. ನಿನ್ ಒಲೆ ಬಾಯಿ ಅಳತೇನೇ!"

ಆ ಮಾತಿನಲ್ಲಿ ತಂಗಿಯ ಬಗ್ಗೆ ಹೆಮ್ಮೆಯಿತ್ತು. ಅದನ್ನೇ ಗುರುಮಲ್ಲಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ.

ಚೀಲದಲ್ಲಿ ಒಲೆಯ ಬಾಯಿ ಕೊರೆಯುವ ಮರದ ಅಚ್ಚು ಇತ್ತು. ಆರು ವರ್ಷ ಅವಳ ಜೊತೆ ಅಲೆದದ್ದು. ಒಲೆಯ ಹಸಿ ಕಡ್ಡಿಗಳನ್ನು ಎಳೆದುಹಾಕಿ, ಅಚ್ಚನ್ನು ಕೆಂಡದ ಮೇಲೆ ತಳ್ಳಿದಳು. ಕೂದಲೆಳೆಯಷ್ಟೂ ಸಂದಿಲ್ಲದೆ ಬಾಯಿ ದಾಟಿ ಒಳಗೆ ಹೋಗಿ ಹೊತ್ತಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಹೊಗೆ ನಿಂತು, ಅನ್ನದ ಎಸರು ಕೊತಕೊತ ಕುದಿಯಿತು.

"ಒಳ್ಳೆ ಒಣಗಿದ್ ಮರ" ಎಂದಳು ಶಿವಮ್ಮ, ಮೆಚ್ಚಿಕೊಂಡು. ಆಮೇಲೆ ತಲೆಯ ಸಿಂಬೆ ಸರಿಮಾಡಿಕೊಂಡು, ಇನ್ನೊಂದು ಹೊರೆ ತರಲು ಕುಂಟುತ್ತಾ ಹೊರಟಳು.