ಎರಡು ಫೋನುಗಳ ನಡುವಿನ ಮಾತು

ಶ್ರೀಪಾಲ ಯಾವುದನ್ನೂ ಹೋಲಿಸಿ ನೋಡದೆ ಮನೆಗೆ ತಂದವನಲ್ಲ. ಕಬ್ಬಿನ ಬೀಜವಿರಲಿ, ಟ್ರ್ಯಾಕ್ಟರಿನ ಟೈರಿರಲಿ, ಎರಡನ್ನು ಎದುರುಬದುರು ಇಟ್ಟು, ಒಂದರ ಕೊರತೆಯನ್ನು ಇನ್ನೊಂದರ ಮುಂದೆ ಹಿಡಿದು ನೋಡಿದ ಮೇಲೆಯೇ ಅವನಿಗೆ ಸಮಾಧಾನ. ಈ ಸಲ ಅವನು ಹೋಲಿಸುತ್ತಿದ್ದದ್ದು ಹೆಂಡತಿ ತ್ರಿಶಲಾಳಿಗಾಗಿ ಕೊಳ್ಳಬೇಕಾದ ಫೋನನ್ನು. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಹಿಂದಿ, ಮರಾಠಿ ವಿಡಿಯೊಗಳನ್ನು ನೋಡಿ ನೋಡಿ, ಹತ್ತಾರು ಫೋನುಗಳನ್ನು ಕೈಬಿಟ್ಟು ಎರಡನ್ನು ಉಳಿಸಿಕೊಂಡಿದ್ದ. ಎರಡೂ ಆಯಾ ಕಂಪನಿಯ ಎಲ್ಲಕ್ಕಿಂತ ಮೇಲಿನವು. ಅವುಗಳ ಹೆಸರು ತ್ರಿಶಲಾಳ ನಾಲಿಗೆಗೆ ಹೊರಳಲಿಲ್ಲ. ಚಿತ್ರ ನೋಡಿ ಒಂದಕ್ಕೆ ಕರಿ ಫೋನು, ಇನ್ನೊಂದಕ್ಕೆ ಹಸಿರು ಫೋನು ಎಂದಳು. ಏಕಸಂಬಿಯ ಆ ಮನೆಯಲ್ಲಿ ಅದೇ ಹೆಸರು ನಿಂತಿತು.

ತ್ರಿಶಲಾಳ ಕಿವಿ ಎರಡು ವರ್ಷದಿಂದ ಮಂದವಾಗುತ್ತ ಬಂದಿತ್ತು. ಮಿರಜದ ಡಾಕ್ಟರು ನರ ಸೊರಗಿದೆ ಎಂದರು. ಅವರು ಬರೆದುಕೊಟ್ಟ ಮಷೀನು ಕಿವಿಗಿಟ್ಟರೆ ಮಿಕ್ಸರಿನ ಸದ್ದು, ತಾಟು ಬಿದ್ದ ಸದ್ದು ಜೋರಾಗುತ್ತಿದ್ದವು. ಮಾತು ಮಾತ್ರ ಬಿಡಿಸಿ ಬರುತ್ತಿರಲಿಲ್ಲ. ಒಬ್ಬರೇ ಎದುರು ಕೂತು, ಮುಖ ಕೊಟ್ಟು, ಗಟ್ಟಿಯಾಗಿ ಹೇಳಿದರೆ ತಿಳಿಯುತ್ತಿತ್ತು. ಇಬ್ಬರು ಮಾತಿಗೆ ಇಳಿದರೆ ಅವಳು ಹೊರಗಾಗುತ್ತಿದ್ದಳು.

ಹಾಗಾಗಿ ಮನೆಯವರು ಅವಳಿಗೆ ಕೂಗಿ ಹೇಳುವಷ್ಟು ಮುಖ್ಯವಾದದ್ದನ್ನು ಮಾತ್ರ ಹೇಳತೊಡಗಿದರು. ಗ್ಯಾಸು ಮುಗಿಯಿತು. ಕಬ್ಬು ಕಡಿಯುವವರು ಬಂದರು, ಚಹಾ ಮಾಡು. ತೀರಿಹೋದ ಅತ್ತೆಯ ವರ್ಷಾಂತಕ್ಕೆ ಯಾರ್‍ಯಾರನ್ನು ಕರೆಯೋಣ. ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ. ಕೂಗಿ ಹೇಳಲಾಗದ ಮಾತು ಒಂದು ಮನೆಯಲ್ಲಿ ಎಷ್ಟಿರುತ್ತದೆ ಎಂಬುದು ಅದು ನಿಂತ ಮೇಲೆಯೇ ಅವಳಿಗೆ ಗೊತ್ತಾದದ್ದು.

ಅದರಲ್ಲಿ ಹೆಚ್ಚಿನದು ರೂಪಾಲಿಯ ಮಾತು. ರೂಪಾಲಿ ಅವಳ ನೆಗೆಣ್ಣಿ, ಮೈದುನ ಮಹಾವೀರನ ಹೆಂಡತಿ. ಹೊಳೆಯಾಚೆಯ ಮಹಾರಾಷ್ಟ್ರದ ಜೈಸಿಂಗಪುರದಿಂದ ಬಂದ ಹೊಸದರಲ್ಲಿ ಆ ಹುಡುಗಿಗೆ ‘ನೀರು’, ‘ಉಪ್ಪು’ ಬಿಟ್ಟರೆ ಕನ್ನಡ ಬರುತ್ತಿರಲಿಲ್ಲ. ಅಥಣಿಯ ಕಡೆಯ ತ್ರಿಶಲಾಳಿಗೆ ಬರುತ್ತಿದ್ದ ಮರಾಠಿ ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳುವಷ್ಟು. ಒಂದೇ ಒಲೆಯ ಮುಂದೆ ಹದಿನಾರು ವರ್ಷ ರೊಟ್ಟಿ ಬಡಿಯುತ್ತ ಇವಳು ಅವಳಿಗೆ, ಅವಳು ಇವಳಿಗೆ ಕಲಿಸಿದರು. ಈಗ ಅವರಿಬ್ಬರ ಮಾತು ಒಂದರಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತಿತ್ತು. ಯಾವ ಕೆಲಸಕ್ಕೂ ಬಾರದ ಮಾತು. ಓಣಿಯ ಕೆಂಚವ್ವ ಹೊಸ ಸೀರೆ ಉಟ್ಟು ನಡೆದ ಬಗೆ, ಬಸದಿಯಲ್ಲಿ ಯಾರೋ ಪ್ರವಚನದ ನಡುವೆ ಗೊರಕೆ ಹೊಡೆದದ್ದು, ಗಂಡಂದಿರ ಜಿಪುಣತನ. ತಗ್ಗಿದ ದನಿಯಲ್ಲಿ, ಕೆಲಸದ ಮೇಲೆ ಕಣ್ಣಿಟ್ಟೇ ಆಡಬೇಕಾದದ್ದು. ಅದನ್ನು ಎದುರು ನಿಂತು ಕೂಗಿ ಹೇಳಿದರೆ ಏನೂ ಉಳಿಯುವುದಿಲ್ಲ. ತ್ರಿಶಲಾಳಿಗೆ ಅದು ವಾಪಸು ಬೇಕಿತ್ತು. ಫೋನಿನ ಮೇಲೆ ಅವಳಿಗಿದ್ದ ಆಸೆ ಅದೊಂದೇ.

ಆಡಿದ ಮಾತನ್ನು ಆಗಿಂದಾಗಲೇ ಪರದೆಯ ಮೇಲೆ ಬರೆದು ತೋರಿಸುವ ಸೌಲಭ್ಯ ಅವಳ ಹಳೆಯ ಫೋನಿನಲ್ಲೂ ಇತ್ತು. ಆದರೆ ಕಲ್ಲುಗೋಡೆಯ ಆ ಮನೆಯೊಳಗೆ ನೆಟ್‌ವರ್ಕ್ ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಅಕ್ಷರ ಮೂಡುವ ಹೊತ್ತಿಗೆ ಮಾತಾಡಿದವರು ಎದ್ದು ಹೋಗಿರುತ್ತಿದ್ದರು.

ನಿಪ್ಪಾಣಿಗೆ ಮೂವರೂ ಹೋದರು. ಬಟ್ಟೆಯ ನೆಪ ಮಾಡಿ ರೂಪಾಲಿಯೂ ಕಾರು ಹತ್ತಿದ್ದಳು. ಅಂಗಡಿಯ ಸಾದಿಕ ಶ್ರೀಪಾಲನಿಗೆ ಹಳೆಯ ಪರಿಚಯ. ಎರಡೂ ಫೋನುಗಳನ್ನು ಗಾಜಿನ ಮೇಲಿಟ್ಟು, ತ್ರಿಶಲಾಳಿಗೆ ಕೇಳಲೆಂದು ರಸ್ತೆಗೆಲ್ಲ ಕೇಳುವಂತೆ ಶುರುಮಾಡಿದ.

“ಹಳೇ ಫೋನ ಪ್ರತಿ ಮಾತಿಗೂ ನೆಟ್ ಕೇಳತೈತ್ರಿ ವೈನಿ. ಇವು ಹಂಗಲ್ಲ. ಒಳಗಿನ ಚಿಪ್ಪ ಅಷ್ಟ ಜೋರ ಐತಿ, ನೆಟ್ ಇಲ್ಲದ ತಾನ ಬರೀತೈತಿ. ಕರೇದ್ರಾಗ ಮೈಕ್ ಚಲೋ. ಗದ್ದಲದಾಗೂ ಎದುರಿದ್ದವರ ದನಿ ಹಿಡೀತೈತಿ. ಏಳ ವರ್ಷ ಅಪ್‌ಡೇಟ್ ಬರ್ತೈತಿ.”

“ಹಸರಂದ ಝೂಮ್ ಹೆಂಗ?” ಎಂದ ಶ್ರೀಪಾಲ.

“ಝೂಮ್ ಅಂದ್ರ ಹಸರಂದ. ನೀವು ಹೊಲದ ಬಾಂದಿನ ಮ್ಯಾಲ ನಿಂತ್ರ ಆ ತುದಿ ಕಬ್ಬಿನ್ಯಾಗ ಯಾರ ಕುಂತಾರ ಅಂತ ಕಾಣತೈತಿ. ಚಾರ್ಜೂ ಲಗೂನ ಆಗತೈತಿ.”

ಶ್ರೀಪಾಲನ ಮನಸ್ಸು ಹಸಿರಿನ ಮೇಲಿರುವುದು ಅವನು ಅದನ್ನು ಹಿಡಿದ ರೀತಿಯಲ್ಲೇ ತ್ರಿಶಲಾಳಿಗೆ ಕಂಡಿತು. ಹಿಂದೆ ಮುಂದೆ ತಿರುಗಿಸಿ, ಅಂಗಿಯಿಂದ ಒರೆಸಿ ಇಟ್ಟ.

“ಖರೆ ಮಾತು ಹೇಳ್ತೀನಿ,” ಎಂದ ಸಾದಿಕ. “ಹಸರೇದು ಮರಾಠಿ ಝಕಾಸ್ ಬರೀತೈತಿ, ಕನ್ನಡಕ್ಕ ತಡವರಸತೈತಿ. ಕರೇದು ಕನ್ನಡದಾಗ ಚಲೋ, ಮರಾಠಿಗೆ ಅಷ್ಟಕ್ಕಷ್ಟ. ಯಾವುದರ ಒಂದು ಭಾಷಾ ಹಚ್ಚಿ ಇಡಬೇಕ್ರಿ. ಮನ್ಯಾಗ ಏನ ಮಾತಾಡ್ತೀರಿ?”

“ಕನ್ನಡ,” ಎಂದ ಶ್ರೀಪಾಲ.

“ಮರಾಠೀಚ ಕೀ,” ಎಂದಳು ರೂಪಾಲಿ.

ಇಬ್ಬರೂ ಒಟ್ಟಿಗೇ ಹೇಳಿ ಒಬ್ಬರ ಮುಖ ಒಬ್ಬರು ನೋಡಿದರು. ಒಂದೇ ಮನೆಯಲ್ಲಿ ಉಂಡು ಬಂದವರು. ಸುಳ್ಳು ಹೇಳಿದವರು ಯಾರೂ ಅಲ್ಲ. ಈ ಪ್ರಶ್ನೆಯನ್ನು ಅವರಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ.

ಸಾದಿಕ ತ್ರಿಶಲಾಳ ಕಡೆ ತಿರುಗಿ ಪ್ರಶ್ನೆಯನ್ನು ಮತ್ತೆ ಕೂಗಿದ. “ನೀವ ಹೇಳ್ರಿ ವೈನಿ.”

“ಎರಡೂ.”

“ಅಂದ್ರ? ಒಂದ ದಿನ ಅದು, ಒಂದ ದಿನ ಇದಾ?”

“ಒಂದ ಮಾತಿನ್ಯಾಗ ಎರಡೂ.”

ಸಾದಿಕ ತಲೆ ಕೆರೆದುಕೊಂಡು ನಕ್ಕ. “ನಮ್ಮ ಮನ್ಯಾಗ ಉರ್ದು ಸೇರಿ ಮೂರ್ರಿ. ಈ ಫೋನ ಮಾಡಿದಾಂವ ನಿಪ್ಪಾಣಿಗೆ ಬಂದಾಂವ ಅಲ್ಲ. ತಡೀರಿ, ಬಾಜೂ ಬಾಜೂ ಇಡತೀನಿ. ನೀವ ನೋಡ್ರಿ.”

ಕರಿಯದಕ್ಕೆ ಕನ್ನಡ, ಹಸಿರಿಗೆ ಮರಾಠಿ ಹಚ್ಚಿ ಎರಡನ್ನೂ ಅವಳ ಮುಂದೆ ಜೋಡಿಸಿಟ್ಟ. ಅಷ್ಟರಲ್ಲಿ ಹೊರಗೆ ಯಾರೋ ಹಾರ್ನು ಒತ್ತತೊಡಗಿದರು. ಶ್ರೀಪಾಲ ಕಾರು ಸರಿಸಲು ಹೋದ. ರೂಪಾಲಿ ಗಾಜಿನೊಳಗಿನ ಫೋನಿನ ಕವರುಗಳನ್ನು ನೋಡುತ್ತ, ಹಿಂದಿನ ದಿನಗಳ ರೂಢಿಯಲ್ಲೇ ತುಟಿಯಂಚಿನಲ್ಲಿ ಏನೋ ಅಂದಳು.

ಕರಿ ಫೋನಿನ ಮೇಲೆ ಅಕ್ಷರ ಮೂಡಿದವು: ‘ಅಕ್ಕಾ ನಿನ್ನ ನೋಡಾಕ ಬಂದಾಗ ದಾದಾ’. ರೂಪಾಲಿ ಶ್ರೀಪಾಲನನ್ನು ಕರೆಯುತ್ತಿದ್ದದ್ದು ದಾದಾ ಎಂದು. ಮುಂದೆ ಗೊತ್ತುಗುರಿಯಿಲ್ಲದ ಎರಡು ಶಬ್ದ. ತ್ರಿಶಲಾಳ ಕಣ್ಣು ತಾನಾಗಿ ಹಸಿರಿನ ಮೇಲೆ ಸರಿಯಿತು. ಅಲ್ಲಿ ಮೊದಲೆಲ್ಲ ಕಲಸುಮೇಲೋಗರ, ಕೊನೆಗೆ ಚೊಕ್ಕವಾಗಿ: ‘ಏವಢಾ ವಿಚಾರ ಕೇಲಾ ನಸೇಲ’. ಇಷ್ಟು ವಿಚಾರ ಮಾಡಿರಲಿಕ್ಕಿಲ್ಲ.

ನಿನ್ನನ್ನು ನೋಡಲು ಬಂದಾಗ ದಾದಾ ಇಷ್ಟು ವಿಚಾರ ಮಾಡಿರಲಿಕ್ಕಿಲ್ಲ.

ತ್ರಿಶಲಾಳಿಗೆ ನಗು ಉಕ್ಕಿತು. “ಕುಠಲಾ ವಿಚಾರ! ಎರಡ ಉಂಡಿ ತಿಂದು, ಹೂಂ ಅಂದು ಎದ್ದ ಹೋದ್ರ ನೋಡ.”

ರೂಪಾಲಿ ತಟ್ಟನೆ ಅವಳತ್ತ ತಿರುಗಿದಳು. ಅಕ್ಕನಿಗೆ ಕೇಳಿದೆ ಎಂಬುದು ನಂಬಲಾಗದೆ ಎರಡೂ ಪರದೆಗಳನ್ನು ಬಗ್ಗಿ ನೋಡಿದಳು. ಆಮೇಲೆ ಕಣ್ಣರಳಿಸಿ, “ಬ್ಯಾಟರಿ ಚೆಕ್ ಮಾಡಲಿಲ್ಲ? ಗ್ಯಾರಂಟಿ ತರೀ ವಿಚಾರಲೀ ಕಾ?” ಎಂದಳು. ಅರ್ಧ ಇಲ್ಲಿ, ಅರ್ಧ ಅಲ್ಲಿ. ಗ್ಯಾರಂಟಿಯಾದರೂ ಕೇಳಿದರೋ ಇಲ್ಲವೋ.

“ಗ್ಯಾರಂಟಿ ಇದ್ದಿದ್ರ ಈ ಕಿವಿ ಬದಲಿ ಮಾಡಿ ಕೊಡತಿದ್ರು!”

ಸಾದಿಕನೂ ನಕ್ಕ. ಮೂವರೂ ಒಂದೇ ಹೊತ್ತಿಗೆ ನಕ್ಕರು. ತ್ರಿಶಲಾಳದು ಈ ಸಲ, ಉಳಿದವರು ನಕ್ಕು ಮುಗಿಸಿ ಕಣ್ಣೊರೆಸಿಕೊಳ್ಳುವಾಗ ತುಟಿ ಬಿಚ್ಚುವ ಸುಳ್ಳು ನಗೆಯಲ್ಲ. ತ್ರಿಶಲಾ ಎರಡೂ ಫೋನುಗಳ ಅಂಚಿಗೆ ಕೈಯಿಟ್ಟು, ಒಂದು ಇನ್ನೊಂದರಿಂದ ದೂರ ಸರಿಯದಂತೆ ಹಿಡಿದುಕೊಂಡಳು.

ಶ್ರೀಪಾಲ ಒಳಬಂದು ಎದುರು ಕೂತ. ಹಸಿರನ್ನು ಒಮ್ಮೆ ನೋಡಿದ, ಹೆಂಡತಿಯನ್ನು ಒಮ್ಮೆ ನೋಡಿದ. ಆಮೇಲೆ ಕರಿಯದರ ಹತ್ತಿರ ಬಾಯಿ ತಂದು, ಯಾರಿಗೋ ಟೆಲಿಗ್ರಾಂ ಕೊಡುವವನಂತೆ ಬಿಡಿಸಿ ಬಿಡಿಸಿ ಹೇಳಿದ.

“ಝೂಮ್ ಇರಲಿ ಬಿಡು. ನಿನಗ ತಿಳಿಯೂದು ಮುಖ್ಯ. ದವಾಖಾನಿ, ಬ್ಯಾಂಕು, ಹೊಲದ ಮಾತು, ನನ್ನ ಮಾತು, ಬೇಕಾದದ್ದೆಲ್ಲಾ ಕನ್ನಡದಾಗ ಇರತೈತಿ. ಕರೇದ ತಗೊಳ್ಳೂಣು. ಮರಾಠ್ಯಾಗ ಅಂಥಾ ಬೇಕಾದ ಮಾತು ಯಾವದೈತಿ ಹೇಳು?”

ಪರದೆಯ ಮೇಲೆ ಒಂದಕ್ಷರ ತಪ್ಪದೆ ಬಂತು. ತನಗೆ ಇಷ್ಟವಾದದ್ದನ್ನು ಅವನು ಅವಳಿಗಾಗಿ ಬಿಡುತ್ತಿದ್ದ. ಅದನ್ನು ತೋರಿಸಿಕೊಳ್ಳಲೂ ಇಲ್ಲ. ತ್ರಿಶಲಾ ಉತ್ತರ ಹುಡುಕಿದಳು. ಬೇಕಾದ ಮಾತು ಯಾವುದೂ ಇರಲಿಲ್ಲ. ಅವಳಿಗೆ ಬೇಕಿದ್ದದ್ದು ಯಾರಿಗೂ ಬೇಡವಾದ ಮಾತು. ಅದಕ್ಕಾಗಿ ಎರಡು ಫೋನು ಬೇಕು ಎಂದು ಗಂಡನ ಮುಂದೆ, ಅಂಗಡಿಯವನ ಮುಂದೆ ಹೇಗೆ ಹೇಳುವುದು? ಅವಳು ತಲೆಯಾಡಿಸಿದಳು. ಸಾದಿಕ ಹಸಿರನ್ನು ಎತ್ತಿ ಪೆಟ್ಟಿಗೆಗೆ ಹಾಕಿದ.

ಕರಿ ಫೋನು ಸಾದಿಕ ಹೇಳಿದ್ದಕ್ಕಿಂತ ಚೆನ್ನಾಗಿಯೇ ಕೆಲಸ ಮಾಡಿತು. ಶ್ರೀಪಾಲ ಊಟಕ್ಕೆ ಕೂತು ಮಾತಾಡತೊಡಗಿದ: ಫ್ಯಾಕ್ಟರಿಯ ಗಾಡಿ ಯಾವಾಗ ಬರುತ್ತದೆ, ಮೋಟರು ಯಾಕೆ ಸುಟ್ಟಿತು. ಬಂದವರು ಅದನ್ನು ಪವಾಡದಂತೆ ನೋಡಿ ತಮ್ಮ ಹೆಸರು ಹೇಳಿ ಬರೆಸಿ ಹೋದರು. ಆಸ್ಪತ್ರೆಯಲ್ಲಿ ತ್ರಿಶಲಾ ಮೊದಲ ಸಲ ಗಂಡನ ಮಧ್ಯಸ್ಥಿಕೆ ಇಲ್ಲದೆ ಡಾಕ್ಟರ ಜೊತೆ ಮಾತಾಡಿದಳು. ಎಲ್ಲರೂ ಸಂತೋಷಪಟ್ಟರು. ಅವಳೂ ಪಟ್ಟಳು.

ಬದಲಾದವಳು ರೂಪಾಲಿ. ಅಡುಗೆಮನೆಯಲ್ಲಿ ಬಾಯಿ ತೆರೆಯುವ ಮುಂಚೆ ಫೋನಿನತ್ತ ನೋಡುತ್ತಿದ್ದಳು. ಮರಾಠಿ ಬಂದರೆ ಅಕ್ಷರ ಕೆಡುತ್ತದೆ ಎಂದು ಗೊತ್ತಾದ ಮೇಲೆ ಮರಾಠಿಯನ್ನು ಬಿಟ್ಟೇಬಿಟ್ಟಿದ್ದಳು. ಮಗನ ಶಾಲೆಯ ಪುಸ್ತಕದ ಕನ್ನಡವನ್ನು ನೆನೆದು ನೆನೆದು, “ಅಕ್ಕಾ, ಇಂದು ಬದನೆಕಾಯಿ ಪಲ್ಯ ಮಾಡೋಣವೇ?” ಎನ್ನುತ್ತಿದ್ದಳು. ಅಕ್ಕನಿಗೆ ಸರಿಯಾಗಿ ಮುಟ್ಟಲಿ ಎಂಬ ಕಾಳಜಿ. ಅಷ್ಟು ಕಷ್ಟಪಟ್ಟು ಜೋಡಿಸಿದ ಮಾತಿನಲ್ಲಿ ಯಾರನ್ನು ಅಣಕಿಸಲು ಬರುತ್ತದೆ? ಬದನೆಕಾಯಿ, ಎಣ್ಣೆ, ನಾಳಿನ ಹಾಲು ಬಿಟ್ಟು ಬೇರೇನೂ ಅವಳ ಬಾಯಿಗೆ ಬರುತ್ತಿರಲಿಲ್ಲ.

ತ್ರಿಶಲಾ ಒಂದು ಮಧ್ಯಾಹ್ನ ತಡಕಾಡಿ ಭಾಷೆ ಬದಲಿಸುವುದನ್ನು ಕಲಿತು ಮರಾಠಿ ಹಚ್ಚಿಟ್ಟಳು. ಕರಿಯದರ ಮರಾಠಿ ಅಷ್ಟಕ್ಕಷ್ಟೇ ಇರಲಿ. ಮಹಾವೀರ ಇಲ್ಲದಾಗ, ಶ್ರೀಪಾಲ ಇಲ್ಲದಾಗ, ಒಲೆಯ ಮುಂದೆ ರೂಪಾಲಿಯ ಮಾತು ಅವಳದೇ ಆಗಿರಲಿ ಎಂದುಕೊಂಡಳು. ಹೇಳಿದರೆ ಅದೂ ಒಂದು ಸಂಕೋಚವಾದೀತೆಂದು ರೂಪಾಲಿಗೆ ಹೇಳಲಿಲ್ಲ.

ಸಂಜೆ, ಹೊತ್ತು ಮುಳುಗುವ ಮುಂಚಿನ ಊಟಕ್ಕೆ ರೂಪಾಲಿ ರೊಟ್ಟಿ ಬಡಿಯುತ್ತಿದ್ದಳು. ತ್ರಿಶಲಾ ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ ಪಲ್ಯಕ್ಕೆ ಕೊಯ್ಯುತ್ತಿದ್ದಳು. ರೂಪಾಲಿ ಮಾತು ಶುರುಮಾಡಿದಳು. ಹಿಟ್ಟಿನ ಕೈ ಗಾಳಿಯಲ್ಲಿ ಆಡಿತು, ಭುಜ ಕುಲುಕಿತು. ಬಹಳ ದಿನದ ಮೇಲೆ ತಡೆಯಲಾರದ್ದೇನೋ ಬಂದಿತ್ತು. ಪರದೆಯ ಮೇಲೆ ಒಂದಕ್ಕೊಂದು ಅಂಟದ ಮರಾಠಿ ಶಬ್ದಗಳು ಸಾಲಾಗಿ ಬೀಳುತ್ತಿದ್ದವು: ಅಂಗಳ, ಸರ್ಕಾರ, ಮೀನು.

ನಗುತ್ತಲೇ ಬಗ್ಗಿ ನೋಡಿದ ರೂಪಾಲಿ ಬೆಚ್ಚಿದಳು. ಫೋನನ್ನೆತ್ತಿ ತ್ರಿಶಲಾಳ ಮುಖಕ್ಕೆ ಹಿಡಿದು ಕೂಗಿದಳು. “ಅಗ ಬಾಯೀ, ಮರಾಠಿ ಯಾರ ಹಚ್ಚಿದ್ರು ಇದಕ್ಕ?”

“ನಾನ ಹಚ್ಚೀನಿ. ನಿನ್ನ ಸಲುವಾಗಿ.”

“ನಾ ನಿನ್ನ ಸಲುವಾಗಿ ಕನ್ನಡ ಮಾತಾಡಾಕತ್ತೀನಲ್ಲ ಅಕ್ಕಾ!”

ರೂಪಾಲಿ ತಾನೇ ಕನ್ನಡ ಹಚ್ಚಿ ಇನ್ನೊಮ್ಮೆ ಹೇಳಿದಳು. ಅರ್ಧಕ್ಕೆ, ನಗೆಯಿದ್ದ ಜಾಗಕ್ಕೆ ಬರುತ್ತಲೇ ಬಾಯಿ ಮರಾಠಿಗೆ ಜಾರಿತು. ಪರದೆ ಅಲ್ಲಿಗೆ ಕೆಟ್ಟಿತು. ಮೂರನೆಯ ಸಲ ಎದುರು ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಶಬ್ದವನ್ನು ಕೂಗಿ ಹೇಳಿದಳು. ಹಂಚಿನ ಮೇಲೆ ರೊಟ್ಟಿ ಕರಿಯಾಗುತ್ತಿತ್ತು. ಮಹಾವೀರ, ಎಮ್ಮೆ, ಹೊಸ ಟವೆಲ್ಲು. ಇಷ್ಟು ತ್ರಿಶಲಾಳಿಗೆ ತಿಳಿಯಿತು. ಅದರಲ್ಲಿ ನಗುವಂಥದ್ದು ಯಾವುದು ಎಂಬುದು ತಿಳಿಯಲಿಲ್ಲ. ರೂಪಾಲಿಯ ಹಣೆಯ ಮೇಲೆ ಬೆವರಿತ್ತು. ಅವಳ ಮುಖದಲ್ಲಿ ಈಗ ನಗೆಯಿರಲಿಲ್ಲ, ಕಾಯುವಿಕೆ ಇತ್ತು. ನಾಲ್ಕನೆಯ ಸಲ ಹೇಳಲೂ ಅವಳು ತಯಾರಿದ್ದಳು.

ತ್ರಿಶಲಾ ನಕ್ಕಳು. ತಲೆ ಹಿಂದಕ್ಕೆ ಹಾಕಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಏನ ಮಂದಿ ಅದೀರಿ ಬೇ ನೀವು!” ಎಂದು ನಕ್ಕಳು.

ರೂಪಾಲಿಯ ಮುಖ ಅರಳಿತು. “ತಿಳೀತು ಅಕ್ಕಾಗ!” ಎಂದು ಪಡಸಾಲೆಗೆ ಕೇಳುವಂತೆ ಕೂಗಿ, ಸುಟ್ಟ ರೊಟ್ಟಿಯನ್ನು ತೆಗೆದು ಹಗುರಾಗಿ ಒಲೆಯತ್ತ ತಿರುಗಿದಳು. ಇನ್ನು ಮೇಲೆ ಅವಳು ಹೀಗೆಯೇ ಹೇಳುತ್ತಾಳೆ, ತಾನು ಹೀಗೆಯೇ ನಗಬೇಕು ಎಂಬುದು ತ್ರಿಶಲಾಳಿಗೆ ಆ ಬೆನ್ನನ್ನು ನೋಡುತ್ತ ತಿಳಿಯಿತು.

ಹೊರಗಿನಿಂದ ಬಂದ ಶ್ರೀಪಾಲ ಕೈಕಾಲು ತೊಳೆದವನೇ ಬಾಗಿಲಲ್ಲಿ ನಿಂತ. ಹೆಂಡತಿಯ ಮುಖದ ಮೇಲೆ ಇನ್ನೂ ಉಳಿದಿದ್ದ ನಗುವನ್ನು ನೋಡಿ ಅವನಿಗೆ ಹೆಮ್ಮೆಯಾಗಿರಬೇಕು. ಮಣೆ ಎಳೆದುಕೊಂಡು ಫೋನಿನ ಹತ್ತಿರ ಕೂತು ಹೇಳತೊಡಗಿದ. ಅಕ್ಷರಗಳು ಒಂದರ ಹಿಂದೊಂದು ಸೊಟ್ಟಾಗದೆ ಬಂದವು. ಚಿಪ್ಪು ನೋಡೇ ಆರಿಸಿದ್ದು. ಬರೇ ಝೂಮ್ ನೋಡಿ ತಗೊಂಡಿದ್ದರೆ ಕೆಡುತ್ತಿದ್ದೆವು. ಮೈಕು ಒಂದಲ್ಲ, ಮೂರು. ಹಸಿರು ತಂದಿದ್ದರೆ ಇವತ್ತು ನಿನಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ.

ತ್ರಿಶಲಾ ಪೂರ್ತಿ ಓದಿದಳು. ಅವನು ಮುಗಿಸಿ ಮುಖ ನೋಡಿದಾಗ, “ಹೌದ್ರಿ,” ಎಂದಳು.