ಒಂದು ಸಲ್ಯೂಟ್ ಸಾಕು

"ನನ್ನ ತಮ್ಮನ ಹೆಣಕ್ಕೆ ಏನು ಹಚ್ಚಬೇಕು ಅಂತ ಹೇಳೋಕೆ ನೀನ್ಯಾರಯ್ಯಾ?"

ಗುರುಶಾಂತಪ್ಪ ವಿಭೂತಿ ತಟ್ಟೆ ಹಿಡಿದುಕೊಂಡೇ ಕೂಗಿದ. ಬನಶಂಕರಿ ಎರಡನೇ ಹಂತದ ಆ ಮನೆಯ ನಡುಮನೆಯಲ್ಲಿ ಅವನ ತಮ್ಮ ಗೌರೀಶಂಕರನ ಶವವನ್ನು ಗೋಡೆಗೆ ಒರಗಿಸಿ, ಹಗ್ಗ ಕಟ್ಟಿ ಕೂರಿಸಿದ್ದರು. ತಟ್ಟೆಗೆ ಅಡ್ಡವಾಗಿ ಕೈ ಹಿಡಿದು ನಿಂತವನು ಪಿಳ್ಳಣ್ಣ. ಗೌರೀಶಂಕರನ ಜೊತೆ ಒಂದೇ ಪಲ್ಟನ್ನಿನಲ್ಲಿ ಎಂಟು ವರ್ಷ ಇದ್ದವನು. ಸುದ್ದಿ ಕೇಳಿದ ಕೂಡಲೇ ಹಳೆಯ ಮಿಲಿಟರಿ ಟೋಪಿ ಇಟ್ಟುಕೊಂಡು ಸುಬ್ರಹ್ಮಣ್ಯಪುರದಿಂದ ಸೈಕಲ್ ತುಳಿದು ಬಂದಿದ್ದ.

"ನಾನ್ ಹೇಳ್ತಿಲ್ಲ ಯಜಮಾನ್ರೇ. ಆಸ್ಪತ್ರೇಲಿ ಶಂಕರನೇ ಹೇಳ್ದ, ನಿಮ್ಮೆದುರಿಗೆ. ವಿಭೂತಿ ಬೇಡ, ಲಿಂಗ ಬೇಡ, ಪಿಳ್ಳಣ್ಣ ಒಂದು ಸಲ್ಯೂಟ್ ಹೊಡೀಲಿ ಸಾಕು ಅಂತ. ನೀವು ಹ್ಞೂ ಅಂದ್ರಿ."

ಹ್ಞೂ ಅಂದದ್ದು ನಿಜ. ಆದರೆ ಬೆಳಿಗ್ಗೆ ಬಂದ ಅಯ್ನೋರು, ಲಿಂಗವಿಲ್ಲದೆ ಮಣ್ಣು ಮಾಡಿದರೆ ಇನ್ನು ಈ ಮನೆಯ ಯಾವ ಕಾರ್ಯಕ್ಕೂ ಕಾಲಿಡುವುದಿಲ್ಲ ಎಂದುಬಿಟ್ಟಿದ್ದರು. ಮಗಳ ಮದುವೆಗೆ ಇನ್ನು ಎರಡು ತಿಂಗಳಿತ್ತು. ತುಮಕೂರಿನ ಬೀಗರು ಆ ಮಾತು ಕೇಳಿಸಿಕೊಂಡೇ ಜಗುಲಿಯ ಮೇಲೆ ಕುಳಿತಿದ್ದರು.

*

ಸೈನ್ಯಕ್ಕೆ ಹೊರಟ ದಿನ ಗೌರೀಶಂಕರ ಕೊರಳಿನ ಲಿಂಗ ಬಿಚ್ಚಿ ಅಣ್ಣನ ಕೈಗೆ ಕೊಟ್ಟಿದ್ದ. "ನಂಬಿಕೆ ಇಲ್ದೋನು ಕಟ್ಕೊಂಡು ತಿರುಗಿದ್ರೆ ಇದಕ್ಕೇ ಅವಮಾನ ಅಣ್ಣ. ನೀನು ಪೂಜೆ ಮಾಡು."

ಗುರುಶಾಂತಪ್ಪ ಕೆನ್ನೆಗೆ ಬಾರಿಸಿದ್ದ. ಆಮೇಲೆ ಆ ಲಿಂಗವನ್ನು ತನ್ನದರ ಪಕ್ಕದಲ್ಲಿಟ್ಟು ಇಪ್ಪತ್ತು ವರ್ಷ ದಿನವೂ ನೀರೆರೆದ.

ಎಪ್ಪತ್ತೊಂದರ ಯುದ್ಧ ಮುಗಿಸಿಕೊಂಡು ತಮ್ಮ ಎಡಗಾಲು ಕುಂಟುತ್ತಾ ಬಂದ. ಏನಾಯಿತು ಎಂದರೆ, ಬಿದ್ದೆ ಎಂದ. ಲಿಂಗ ಬಿಚ್ಚಿದ್ದಕ್ಕೆ ಶಿವ ಕಾಲು ಕಿತ್ಕೊಂಡ ಎಂದು ಗುರುಶಾಂತಪ್ಪ ನೆಂಟರೆದುರು ಹೇಳುತ್ತಿದ್ದ. ಊಟಕ್ಕೆ ಕುಳಿತಾಗಲೂ ಹೇಳುತ್ತಿದ್ದ. ಹನ್ನೆರಡು ವರ್ಷ ಹೇಳಿದ. ತಮ್ಮ ನಕ್ಕು, ತಟ್ಟೆ ತಾನೇ ತೊಳೆದಿಟ್ಟು, ಬ್ಯಾಂಕಿನ ವಾಚ್‌ಮನ್ ಕೆಲಸಕ್ಕೆ ಹೋಗುತ್ತಿದ್ದ.

*

ಈಗಲೂ ಅದೇ ಮಾತು ಬಾಯಿಗೆ ಬಂತು. "ಶಿವ ಕಾಲು ಕಿತ್ಕೊಂಡ್ರೂ ಬುದ್ಧಿ ಬರ್ಲಿಲ್ಲ ಅವ್ನಿಗೆ."

ಪಿಳ್ಳಣ್ಣ ಕೈ ಕೆಳಗಿಳಿಸಿದ. "ಆ ಕಾಲು ಹೆಂಗೋಯ್ತು ಅಂತ ನಿಮಗೆ ಹೇಳೇ ಇಲ್ವಾ?"

ಅವನು ಹೇಳಿದ್ದು ಇಷ್ಟು. ಪಂಜಾಬಿನ ಗಡಿಯಲ್ಲಿ ಬೈಲಹೊಂಗಲದ ಸಿಪಾಯಿಯೊಬ್ಬನ ಹೊಟ್ಟೆಗೆ ಗುಂಡು ಬಿತ್ತು. ಅವನನ್ನು ಹೊತ್ತು ಕಂದಕಕ್ಕೆ ತರುವಾಗ ದಾರ ಹರಿದು ಕೊರಳ ಲಿಂಗ ಹೊಲದಲ್ಲಿ ಬಿದ್ದುಹೋಯಿತು. ಪ್ರಾಣ ಹೋಗುವ ಹೊತ್ತಿನಲ್ಲಿ ಅವನು ಎದೆ ತಡಕಾಡುತ್ತಾ ಅದನ್ನೇ ಕೇಳುತ್ತಿದ್ದ. ಗೌರೀಶಂಕರ ಒಬ್ಬನೇ ಆ ಹೊಲಕ್ಕೆ ತೆವಳಿಕೊಂಡು ಹೋಗಿ, ಮಣ್ಣು ಕೆದಕಿ, ಲಿಂಗ ಹುಡುಕಿದ. ವಾಪಸು ಬರುವಾಗ ಮಂಡಿಗೆ ಗುಂಡು ತಗಲಿತು. ಹಾಗೇ ಬಂದು ಸಿಪಾಯಿಯ ಎಡಗೈಯಲ್ಲಿ ಲಿಂಗ ಇಟ್ಟು ಬೆರಳು ಮಡಿಚಿದ.

"ನಿಂಗೆ ನಂಬ್ಕೆ ಇಲ್ವಲ್ಲೋ, ಯಾಕೋ ಹೋದೆ ಅಂದೆ. ಅವ್ನಿಗಿದೆಯಲ್ಲ, ಅಂದ."

ಗುರುಶಾಂತಪ್ಪನ ಹೆಂಡತಿ ಕಮಲಾದೇವಿ ಅಡುಗೆಮನೆ ಬಾಗಿಲಲ್ಲಿ ನಿಂತು, "ಮೈದ್ನ ಹೇಳ್ದಂಗೇ ಮಾಡಿಬಿಡೀಂದ್ರೆ," ಎಂದಳು.

ಗುರುಶಾಂತಪ್ಪ ತಟ್ಟೆಯನ್ನು ಎಡಗೈಗೆ ಬದಲಾಯಿಸಿಕೊಂಡ. ಅವನು ಜಗುಲಿಯ ಕಡೆ ನೋಡಿದ. ಬೀಗರು ಇವನನ್ನೇ ನೋಡುತ್ತಿದ್ದರು. ಮೂರು ಬೆರಳು ವಿಭೂತಿಯಲ್ಲಿ ಅದ್ದಿ, ತಮ್ಮನ ಹಣೆಗೆ ಎಳೆದ.

*

ರುದ್ರಭೂಮಿಯಲ್ಲಿ ಅಯ್ನೋರು ಮಂತ್ರ ಹೇಳುತ್ತಿದ್ದರು. ಗುಂಡಿಯ ಗೂಡಿನಲ್ಲಿ ಕೂರಿಸಿದ್ದ ತಮ್ಮನ ಎಡಗೈ ಮುಷ್ಟಿ ಕಟ್ಟಿತ್ತು. ಬಿಡಿಸಿ, ಎಂದರು. ಗುರುಶಾಂತಪ್ಪ ಗುಂಡಿಗಿಳಿದ. ಬೆರಳುಗಳು ಸೆಟೆದುಕೊಂಡಿದ್ದವು. ಒಂದೊಂದನ್ನೇ ಬಲವಂತವಾಗಿ ಬಿಡಿಸಿ, ಇಪ್ಪತ್ತು ವರ್ಷ ತಾನು ನೀರೆರೆದ ಲಿಂಗವನ್ನು ಅಂಗೈಯಲ್ಲಿಟ್ಟ. ಮತ್ತೆ ಮಡಿಚಲು ನೋಡಿದರೆ ಬೆರಳು ಬಾಗಲಿಲ್ಲ.

ಮೇಲೆ ಹತ್ತಿ ಬಂದವನು ಗೇಟಿನ ಕಡೆ ತಿರುಗಿದ. ಇಷ್ಟು ಹೊತ್ತೂ ಪಿಳ್ಳಣ್ಣ ಅಲ್ಲೇ ಸೈಕಲ್ ಹಿಡಿದು ನಿಂತಿದ್ದ.

"ಪಿಳ್ಳಣ್ಣೋರೇ, ಬನ್ನಿ. ಈಗ ಸಲ್ಯೂಟ್ ಹೊಡೀರಿ."

ಪಿಳ್ಳಣ್ಣ ಟೋಪಿ ತೆಗೆದು ಅಂಗಿಯೊಳಕ್ಕೆ ಸಿಕ್ಕಿಸಿಕೊಂಡ. ಸೈಕಲ್ ತಿರುಗಿಸಿ ರಸ್ತೆಗಿಳಿದ.

ಜನ ಹಿಡಿ ಮಣ್ಣು ಹಿಡಿದು ಕಾದಿದ್ದರು. "ಸ್ವಲ್ಪ ತಡೀರಿ, ಬರ್ತಾರೆ," ಎಂದ ಗುರುಶಾಂತಪ್ಪ. ಗೇಟಿನಾಚೆ ಒಂದು ಬಸ್ಸು ಹೋಯಿತು. ಇನ್ನೊಂದು ಹೋಯಿತು. ಹೊತ್ತಾಯ್ತು ಎಂದರು ಅಯ್ನೋರು.

ಗುರುಶಾಂತಪ್ಪ ಗುಂಡಿಯ ಅಂಚಿಗೆ ಬಂದು ಕಾಲು ಜೋಡಿಸಿ ನಿಂತ. ಬಲಗೈ ಎತ್ತಿದ. ಎಲ್ಲಿಯವರೆಗೆ ಎತ್ತಬೇಕೋ ಗೊತ್ತಾಗಲಿಲ್ಲ. ಬೀಗರು ನೋಡುತ್ತಿದ್ದರು. ಅದೇ ಕೈಯಲ್ಲಿ ಹಣೆಯ ಬೆವರು ಒರೆಸಿಕೊಂಡು, ಮಣ್ಣಿಗೆ ಬಗ್ಗಿದ.